ಕಾಲವನ್ನು ಎಣಿಸುವ ದೀಪ

ಗಡಿಯಾರಗಳು ಮನೆಮನೆಗೂ ಬರುವದಕ್ಕೆ ಮುಂಚೆ ನಮ್ಮ ದೇಶದಲ್ಲಿ ಗಳಿಗೆ ಬಟ್ಟಲಿನಿಂದ ಹೊತ್ತನ್ನು ಅಳೆಯುವ ವಾಡಿಕೆ ಇತ್ತು. ತಳದಲ್ಲಿ ಸಣ್ಣ ತೂತುಳ್ಳ ಒಂದು ಬಟ್ಟಲನ್ನು ನೀರು ತುಂಬಿದ ಪಾತ್ರೆಯಲ್ಲಿ ತೇಲಬಿಡುವರು. ನೀರು ಆ ತೂತಿನಿಂದ ಮೆಲ್ಲಮೆಲ್ಲನೆ ಒಳಗೆ ಬಂದು, ಬಟ್ಟಲು ತುಂಬಿ, ಕಡೆಗೆ ಮುಳುಗುವದು. ಹಾಗೆ ಮುಳುಗುವದಕ್ಕೆ ಹಿಡಿಯುವ ಕಾಲವೇ ಒಂದು ಗಳಿಗೆ. ಈಗಿನ ಲೆಕ್ಕದಲ್ಲಿ ಅದು ೨೪ ನಿಮಿಷ. ಇಂಥ ೬೦ ಗಳಿಗೆಗಳು ಕೂಡಿದರೆ ಒಂದು ಹಗಲೂ ಒಂದು ರಾತ್ರಿಯೂ ಆಗುವವು. ಬಟ್ಟಲಿನ ಬಳಿಯಲ್ಲಿ ಒಬ್ಬನು ಕುಳಿತಿದ್ದು, ಅದು ಮುಳುಗಿದ ಕೂಡಲೆ ಗಂಟೆ ಬಾರಿಸುವನು.

ವಿದ್ಯಾರ್ಥಿನಿಯರೇ, ಇಲ್ಲಿ ಮೂರು ಸಂಗತಿಗಳನ್ನು ಗಮನಿಸಿರಿ. ನೀರಿನ ಓಟವನ್ನು ನಿಧಾನಪಡಿಸುವ ತೂತು ಒಂದು. ನೀರನ್ನು ಕೂಡಿಸಿಕೊಳ್ಳುವ ಬಟ್ಟಲು ಎರಡನೆಯದು. ಬಟ್ಟಲು ತುಂಬಿತೆಂದು ತಿಳಿದು ಗಂಟೆ ಬಾರಿಸುವ ಕಾವಲುಗಾರನು ಮೂರನೆಯವನು. ನೀರಿಗೆ ಬದಲಾಗಿ ವಿದ್ಯುತ್ತನ್ನು ಇಟ್ಟುಕೊಂಡು ಇದೇ ಮೂರು ಕೆಲಸಗಳನ್ನು ಮಾಡಿಸಿದರೆ, ಅಂಗೈಯಷ್ಟು ಜಾಗದಲ್ಲಿ ಒಂದು ಕಾಲಮಾಪಕವಾಗುವದು. ಅದನ್ನು ನಮ್ಮ ಶಾಲೆಯ ಹುಡುಗಿಯರು ಹೇಗೆ ಮಾಡಿದರೆಂಬದನ್ನೂ, ಅದು ನಮಗೆ ಯಾಕೆ ಬೇಕಾಯಿತೆಂಬದನ್ನೂ ಈ ಲೇಖನದಲ್ಲಿ ತಿಳಿಸುತ್ತೇನೆ.

ಒಂದು ಪ್ರಶ್ನೆ

ಕಳೆದ ವರ್ಷ ನಮ್ಮಲ್ಲಿ ನಡೆದ ರಸಪ್ರಶ್ನೆಯ ಸ್ಪರ್ಧೆಯಲ್ಲಿ ಪ್ರತಿಯೊಂದು ಪ್ರಶ್ನೆಗೆ ೩೦ ಸೆಕೆಂಡು ಎಂದು ನಿಯಮವಿತ್ತು. ಕೈಗಡಿಯಾರವನ್ನು ನೋಡಿ ಗಂಟೆ ಬಾರಿಸುವ ಕೆಲಸವು ನನ್ನದಾಗಿತ್ತು. ಕಡೆಯ ಸುತ್ತಿನಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ಉತ್ತರ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಾನು ಗಂಟೆ ಬಾರಿಸಿದೆನು. ಆ ಒಂದು ಪ್ರಶ್ನೆಯಿಂದ ಅವಳ ಪಂಗಡವು ಸೋತಿತು. ಮರುದಿನ ಅವಳು ನನ್ನ ಕೋಣೆಗೆ ಬಂದು ಮರ್ಯಾದೆಯಿಂದಲೇ ಕೇಳಿದಳು: “ಟೀಚರ್, ನಮಗೆ ಕೊಟ್ಟ ೩೦ ಸೆಕೆಂಡೂ ಅವರಿಗೆ ಕೊಟ್ಟ ೩೦ ಸೆಕೆಂಡೂ ಒಂದೇ ಆಗಿತ್ತೋ?”

ಹೌದೆಂದು ಹೇಳುವದಕ್ಕೆ ನನ್ನ ನಾಲಗೆ ಏಳಲಿಲ್ಲ. ಯಾಕಂದರೆ ಆ ಸಂಜೆ ನನ್ನ ಕಣ್ಣು ಯಾವಾಗಲೂ ಗಡಿಯಾರದ ಮೇಲೆ ಇರಲಿಲ್ಲ. ತಡವರಿಸುತ್ತಿದ್ದ ಒಂದು ಮಗುವಿನ ಮುಖವನ್ನು ನೋಡುತ್ತಾ ಎರಡು ಮೂರು ಸೆಕೆಂಡು ಹೆಚ್ಚಾಗಿ ಬಿಟ್ಟದ್ದುಂಟು. ದಯೆಯಿಂದ ಮಾಡಿದ್ದಾದರೂ ಒಬ್ಬಳಿಗೆ ತೋರಿಸಿದ ದಯೆಯು ಇನ್ನೊಬ್ಬಳಿಗೆ ಅನ್ಯಾಯವಾಗುವದೆಂದು ನನಗೆ ಆಗ ತೋರಲಿಲ್ಲ. ಯಾರ ಮುಖವನ್ನೂ ನೋಡದೆ ಎಲ್ಲರಿಗೂ ಒಂದೇ ಅಳತೆಯನ್ನು ಕೊಡುವ ಒಂದು ಸಾಧನವನ್ನು ನಾವೇ ಮಾಡೋಣವೆಂದು ಅವಳಿಗೆ ಹೇಳಿದೆನು. ಅವಳೂ ಅವಳ ಮೂವರು ಗೆಳತಿಯರೂ ಶನಿವಾರದ ಮಧ್ಯಾಹ್ನಗಳಲ್ಲಿ ವಿಜ್ಞಾನದ ಕೋಣೆಯಲ್ಲಿ ನನ್ನ ಸಂಗಡ ಕುಳಿತುಕೊಂಡರು.

ಮೂರು ಅಂಗಗಳು

ಮೊದಲನೆಯದು ರೋಧಕ. ಇದು ವಿದ್ಯುತ್ ಪ್ರವಾಹಕ್ಕೆ ಅಡ್ಡಿಮಾಡುತ್ತದೆ. ಬಟ್ಟಲಿನ ತೂತಿನ ಕೆಲಸವೇ ಇದರ ಕೆಲಸ. ಇದರ ಅಳತೆಯ ಮಾನಕ್ಕೆ ಓಮ್ ಎಂದು ಹೆಸರು. ಜರ್ಮನಿಯ ಗೇಯಾರ್ಗ್ ಓಮ್ ಎಂಬವರು ಕೊಲೋನ್ ಪಟ್ಟಣದ ಒಂದು ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು, ಪಾಠ ಹೇಳುವದರ ಸಂಗಡ ಪ್ರಯೋಗಗಳನ್ನೂ ಮಾಡುತ್ತಾ, ೧೮೨೭ರಲ್ಲಿ ತಮ್ಮ ನಿಯಮವನ್ನು ಗ್ರಂಥರೂಪವಾಗಿ ಪ್ರಕಟಿಸಿದರು. ರೋಧಕದ ಮೈಮೇಲಿನ ಬಣ್ಣದ ಪಟ್ಟೆಗಳೇ ಅದರ ಬೆಲೆಯನ್ನು ಹೇಳುವವು. ಕಂದು, ಕಪ್ಪು, ಹಳದಿ ಎಂದರೆ ೧ ಲಕ್ಷ ಓಮ್. ನೀಲಿ, ಬೂದು, ಕಂದು ಎಂದರೆ ೬೮೦ ಓಮ್. ಕಂದು, ಕಪ್ಪು, ಕಂದು ಎಂದರೆ ೧೦೦ ಓಮ್.

ಎರಡನೆಯದು ಧಾರಕ, ಅಂಗಡಿಯಲ್ಲಿ ಕೆಪಾಸಿಟರ್ ಎಂದು ಕೇಳಬೇಕು. ಇದು ವಿದ್ಯುತ್ತನ್ನು ಕೂಡಿಸಿಟ್ಟುಕೊಳ್ಳುವ ಬಟ್ಟಲು. ಇದರ ಮೂಲರೂಪವು ಒಂದು ಗಾಜಿನ ಜಾಡಿ. ೧೭೪೫ರಲ್ಲಿ ಲೂಥರನ್ ಸಭೆಯ ಅಧಿಕಾರಿಯಾದ ಕ್ಲೈಸ್ಟ್ ಎಂಬವರೂ, ೧೭೪೬ರಲ್ಲಿ ಹಾಲೆಂಡಿನ ಲೈಡನ್ ಪಟ್ಟಣದ ಪ್ರಾಧ್ಯಾಪಕರಾದ ಮುಸ್ಕೆನ್‌ಬ್ರೂಕ್ ಎಂಬವರೂ, ಒಬ್ಬರ ಕೆಲಸವನ್ನು ಇನ್ನೊಬ್ಬರು ಅರಿಯದೆಯೇ, ಜಾಡಿಯಲ್ಲಿ ವಿದ್ಯುತ್ತನ್ನು ಕೂಡಿಸಬಹುದೆಂದು ಕಂಡುಕೊಂಡರು. ಧಾರಕದ ಅಳತೆಗೆ ಫ್ಯಾರಡ್ ಎಂದು ಹೆಸರು. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಗಳಿಗೆ ರಟ್ಟುಕಟ್ಟುವ ಕೆಲಸವನ್ನು ಕಲಿಯುತ್ತಾ ಆ ಪುಸ್ತಕಗಳನ್ನೇ ಓದಿ ವಿದ್ವಾಂಸರಾದ ಮೈಕೇಲ್ ಫ್ಯಾರಡೆಯವರ ಸ್ಮರಣೆಗಾಗಿ ಈ ಹೆಸರು. ಒಂದು ಫ್ಯಾರಡ್ ಬಹಳ ದೊಡ್ಡ ಅಳತೆಯಾದಕಾರಣ ಅದರ ಹತ್ತು ಲಕ್ಷದ ಒಂದು ಭಾಗವಾದ ಮೈಕ್ರೋಫ್ಯಾರಡಿನಲ್ಲಿ ಲೆಕ್ಕ ಹೇಳುವರು. ನಾವು ತಂದದ್ದು ೧೦೦೦ ಮೈಕ್ರೋಫ್ಯಾರಡಿನದು.

ಮೂರನೆಯದು ಟ್ರಾನ್ಸಿಸ್ಟರ್. ನಮ್ಮ ತಾಯಂದಿರ ಕಾಲದಲ್ಲಿ ಟ್ರಾನ್ಸಿಸ್ಟರ್ ಎಂದರೆ ಕೈಯಲ್ಲಿ ಹಿಡಿದುಕೊಂಡು ಹೋಗುವ ರೇಡಿಯೋ ಎಂದೇ ಜನರು ತಿಳಿದಿದ್ದರು. ವಾಸ್ತವವಾಗಿ ಅದು ಆ ರೇಡಿಯೋವಿನ ಒಳಗಿದ್ದ ಪುಟ್ಟ ಅಂಗದ ಹೆಸರು. ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೪೭ರ ದಶಂಬರ ತಿಂಗಳಲ್ಲಿ ಜಾನ್ ಬಾರ್ಡೀನ್, ವಾಲ್ಟರ್ ಬ್ರಾಟ್ಟೇನ್ ಎಂಬವರು ಮೊದಲನೆಯದನ್ನು ಮಾಡಿದರು. ವಿಲಿಯಂ ಶಾಕ್ಲಿಯವರು ಅದರ ಉತ್ತಮವಾದ ಇನ್ನೊಂದು ಬಗೆಯನ್ನು ಯೋಚಿಸಿದರು. ೧೯೫೬ರಲ್ಲಿ ಈ ಮೂವರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಟ್ರಾನ್ಸಿಸ್ಟರಿಗೆ ಮೂರು ಕಾಲುಗಳುಂಟು: ಕಲೆಕ್ಟರ್, ಬೇಸ್, ಎಮಿಟರ್. ಬೇಸಿಗೂ ಎಮಿಟರಿಗೂ ನಡುವೆ ಸುಮಾರು ೦.೬ ವೋಲ್ಟಿಗಿಂತ ಕಡಿಮೆ ಇರುವ ತನಕ ಅದು ಮುಚ್ಚಿದ ಬಾಗಲಿನಂತಿರುವದು. ಆ ಮಟ್ಟವನ್ನು ಮುಟ್ಟಿದ ಮೇಲೆ ಬೇಸಿನೊಳಗೆ ಸ್ವಲ್ಪ ಪ್ರವಾಹ ಹರಿದರೂ ಸಾಕು. ಅದಕ್ಕಿಂತ ನೂರಾರು ಪಾಲು ದೊಡ್ಡ ಪ್ರವಾಹವು ಕಲೆಕ್ಟರಿನಿಂದ ಎಮಿಟರಿಗೆ ಹೋಗುವದಕ್ಕೆ ಅದು ಎಡೆಗೊಡುವದು. ಗಂಟೆ ಬಾರಿಸುವ ಕಾವಲುಗಾರನು ಇವನೇ.

ಜೋಡಿಸುವ ಕ್ರಮ

ಬೇಕಾದ ಸಾಮಾನುಗಳು: ೯ ವೋಲ್ಟಿನ ಒಂದು ಬ್ಯಾಟರಿ, ಬಿಸಿ ೫೪೭ ಎಂಬ ಟ್ರಾನ್ಸಿಸ್ಟರ್ ಒಂದು (ಹೆಸರಿನ ಕೊನೆಯಲ್ಲಿ ಬಿ ಅಥವಾ ಸಿ ಅಕ್ಷರವಿದ್ದರೆ ಲೇಸು), ೧೦೦೦ ಮೈಕ್ರೋಫ್ಯಾರಡಿನ, ೧೬ ಅಥವಾ ೨೫ ವೋಲ್ಟ್ ತಾಳುವ ಧಾರಕ ಒಂದು, ೧ ಲಕ್ಷ, ೬೮೦, ೧೦೦ ಓಮಿನ ರೋಧಕಗಳು ಒಂದೊಂದು, ಕೆಂಪು ಎಲ್‌ಇಡಿ ದೀಪಗಳು ಎರಡು, ಒತ್ತುವ ಗುಂಡಿ ಒಂದು, ತಂತಿಯ ತುಂಡುಗಳು, ಬೆಸುಗೆಯಿಲ್ಲದೆ ಸಿಕ್ಕಿಸುವ ಬ್ರೆಡ್‌ಬೋರ್ಡ್ ಎಂಬ ಹಲಗೆ.

೧. ಬ್ಯಾಟರಿಯ ಧನ ತುದಿಯನ್ನು ಹಲಗೆಯ ಮೇಲಿನ ಸಾಲಿಗೂ ಋಣ ತುದಿಯನ್ನು ಕೆಳಗಿನ ಸಾಲಿಗೂ ಕೊಡಬೇಕು. ಆದರೆ ಎಲ್ಲವನ್ನೂ ಜೋಡಿಸಿ ಎರಡು ಸಾರಿ ಪರೀಕ್ಷಿಸಿದ ತರುವಾಯವೇ ಬ್ಯಾಟರಿಯನ್ನು ಸೇರಿಸತಕ್ಕದ್ದು.

೨. ೧ ಲಕ್ಷ ಓಮಿನ ರೋಧಕದ ಒಂದು ತುದಿಯು ಮೇಲಿನ ಸಾಲಿಗೆ. ಇನ್ನೊಂದು ತುದಿಯು ನಡುವಿನ ಒಂದು ಖಾಲಿ ಸಾಲಿಗೆ. ಈ ನಡುವಿನ ಸಾಲನ್ನು ಸಂಗಮವೆಂದು ಕರೆಯೋಣ.

೩. ಧಾರಕದ ಧನ ಕಾಲು ಸಂಗಮಕ್ಕೆ. ಋಣ ಕಾಲು ಕೆಳಗಿನ ಸಾಲಿಗೆ. ಮೈಮೇಲೆ ಪಟ್ಟೆಯಿರುವ ಕಡೆಯದೇ ಋಣ ಕಾಲು. ಇದನ್ನು ತಿರುಗುಮುರುಗಾಗಿ ಜೋಡಿಸಿದರೆ ಧಾರಕವು ಕಾದು ಸಿಡಿಯಬಹುದು. ಆದಕಾರಣ ಬಹು ಜಾಗ್ರತೆ ಬೇಕು.

೪. ಟ್ರಾನ್ಸಿಸ್ಟರಿನ ಚಪ್ಪಟೆ ಮುಖವು ನಿಮ್ಮ ಕಡೆಗೂ ಕಾಲುಗಳು ಕೆಳಕ್ಕೂ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಬೇಸನ್ನು ಸಂಗಮಕ್ಕೂ ಎಮಿಟರನ್ನು ಕೆಳಗಿನ ಸಾಲಿಗೂ ಸೇರಿಸಬೇಕು.

೫. ಮೇಲಿನ ಸಾಲಿನಿಂದ ೬೮೦ ಓಮಿನ ರೋಧಕ. ಅದರ ತುದಿಗೆ ಎಲ್‌ಇಡಿ ದೀಪದ ಉದ್ದ ಕಾಲು. ದೀಪದ ಗಿಡ್ಡ ಕಾಲು ಕಲೆಕ್ಟರಿಗೆ.

೬. ಸಂಗಮದಿಂದ ೧೦೦ ಓಮಿನ ರೋಧಕ. ಅಲ್ಲಿಂದ ಒತ್ತುವ ಗುಂಡಿ. ಗುಂಡಿಯ ಮತ್ತೊಂದು ಕಾಲು ಕೆಳಗಿನ ಸಾಲಿಗೆ. ಗುಂಡಿಯನ್ನು ಒತ್ತಿದರೆ ಧಾರಕವು ಬರಿದಾಗಿ ದೀಪವು ಆರುವದು. ಬಿಟ್ಟ ಕ್ಷಣದಿಂದ ಹೊಸ ಎಣಿಕೆಯು ಪ್ರಾರಂಭವಾಗುವದು.

ನಮ್ಮ ಲೆಕ್ಕವೂ ದೀಪದ ಲೆಕ್ಕವೂ

ಓಮನ್ನು ಫ್ಯಾರಡಿನಿಂದ ಗುಣಿಸಿದರೆ ಸೆಕೆಂಡು ಬರುವದೆಂದು ಪುಸ್ತಕಗಳಲ್ಲಿ ಓದಿರುವಿರಿ. ಅದರ ಕಾರಣವು ಕಷ್ಟವಾದದ್ದಲ್ಲ. ಓಮ್ ಎಂದರೆ ಒಂದು ಆಂಪಿಯರಿಗೆ ಇಷ್ಟು ವೋಲ್ಟು. ಫ್ಯಾರಡ್ ಎಂದರೆ ಒಂದು ವೋಲ್ಟಿಗೆ ಇಷ್ಟು ಕೂಲಂಬು. ಎರಡನ್ನೂ ಗುಣಿಸುವಾಗ ವೋಲ್ಟುಗಳು ತಮ್ಮೊಳಗೆ ವಜಾ ಆಗಿ, ಒಂದು ಆಂಪಿಯರಿಗೆ ಇಷ್ಟು ಕೂಲಂಬು ಎಂದು ಉಳಿಯುವದು. ಒಂದು ಆಂಪಿಯರ್ ಪ್ರವಾಹವು ಒಂದು ಸೆಕೆಂಡಿನಲ್ಲಿ ಹೊರುವದೇ ಒಂದು ಕೂಲಂಬ್ ಆದ್ದರಿಂದ ಕಡೆಗೆ ಸೆಕೆಂಡು ಮಾತ್ರ ನಿಲ್ಲುವದು. ನಮ್ಮ ಅಂಗಗಳಿಗೆ ಈ ಲೆಕ್ಕವನ್ನು ಹಾಕಿದರೆ, ೧,೦೦,೦೦೦ ಓಮನ್ನು ಫ್ಯಾರಡಿನ ಸಾವಿರದ ಒಂದು ಪಾಲಿನಿಂದ ಗುಣಿಸಲು, ೧೦೦ ಸೆಕೆಂಡು ಬಂತು.

ದೀಪವು ೧೦೦ ಸೆಕೆಂಡಿಗೆ ಹತ್ತುವದೆಂದು ನಾನು ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆದೆನು. ಗುಂಡಿಯನ್ನು ಬಿಟ್ಟೆವು. ಹುಡುಗಿಯರು ಎಣಿಸತೊಡಗಿದರು. ಎಂಟು ಎನ್ನುವಷ್ಟರಲ್ಲಿ ದೀಪವು ಹತ್ತಿಬಿಟ್ಟಿತು! ಮತ್ತೆ ಮಾಡಿದೆವು; ಮತ್ತೂ ಏಳೆಂಟು ಸೆಕೆಂಡೇ. ಆಗ ಅದೇ ಹುಡುಗಿಯು, “ಟೀಚರ್, ತಪ್ಪಿದ್ದು ದೀಪವೋ, ಲೆಕ್ಕವೋ?” ಎಂದಳು. ಧಾರಕವು ಕೆಟ್ಟದ್ದಿರಬೇಕೆಂದು ಹೇಳಿ ಮಾನ ಉಳಿಸಿಕೊಳ್ಳಬೇಕೆಂಬ ಆಲೋಚನೆಯು ಒಂದು ಕ್ಷಣ ನನ್ನ ಮನಸ್ಸಿಗೆ ಬಂದದ್ದನ್ನು ಮುಚ್ಚಿಡುವದಿಲ್ಲ. ಆದರೆ ಗಂಟೆಯ ವಿಷಯದಲ್ಲಿ ಒಮ್ಮೆ ಅವಳಿಗೆ ಉತ್ತರ ಕೊಡಲಾರದೆ ಹೋದವಳು, ಈ ಸಾರಿ ಸುಳ್ಳು ಉತ್ತರವನ್ನು ಕೊಡುವದೇ? “ನನಗೆ ತಿಳಿಯಲಿಲ್ಲ, ಬರುವ ಶನಿವಾರದೊಳಗೆ ತಿಳಿದುಕೊಳ್ಳೋಣ” ಎಂದೆನು.

ತಿಳಿದುಕೊಂಡದ್ದೇನಂದರೆ: ೧೦೦ ಸೆಕೆಂಡು ಎಂಬದು ಧಾರಕವು ತುಂಬುವ ವೇಗದ ಅಳತೆಯೇ ಹೊರತು ದೀಪ ಹತ್ತುವ ಕಾಲವಲ್ಲ. ಎತ್ತರದ ತೊಟ್ಟಿಯಿಂದ ಸಣ್ಣ ಕೊಳವೆಯ ಮೂಲಕ ಒಂದು ಕೊಡಕ್ಕೆ ನೀರು ಕೆಳಗಿನಿಂದ ಏರುತ್ತಿದೆಯೆಂದು ಭಾವಿಸಿರಿ. ಮೊದಲು ಮಟ್ಟಗಳ ಅಂತರವು ಹೆಚ್ಚಾಗಿರುವದರಿಂದ ನೀರು ರಭಸವಾಗಿ ಬರುವದು. ಕೊಡದ ಮಟ್ಟವು ಏರಿದ ಹಾಗೆಲ್ಲಾ ಅಂತರವು ಕಡಿಮೆಯಾಗಿ ಓಟವು ಮಂದವಾಗುವದು. ಧಾರಕವೂ ಹಾಗೆಯೇ. ಅದನ್ನು ತನ್ನಷ್ಟಕ್ಕೆ ತುಂಬಬಿಟ್ಟರೆ ಮೊದಲಿನ ೧೦೦ ಸೆಕೆಂಡಿನಲ್ಲಿ ನೂರಕ್ಕೆ ೬೩ರಷ್ಟು ತುಂಬುವದು, ಅಂದರೆ ೯ ವೋಲ್ಟಿನಲ್ಲಿ ಸುಮಾರು ೫.೭ ವೋಲ್ಟು. ಎರಡನೆಯ ನೂರರ ಕೊನೆಗೆ ನೂರಕ್ಕೆ ೮೬. ಮೂರನೆಯದರ ಕೊನೆಗೆ ೯೫. ಐದನೆಯದರ ಕೊನೆಗೆ ೯೯ಕ್ಕೂ ಸ್ವಲ್ಪ ಮೇಲೆ.

ಆದರೆ ನಮ್ಮ ಕಾವಲುಗಾರನು ಕೊಡ ತುಂಬುವ ತನಕ ಕಾಯುವವನಲ್ಲ. ೯ ವೋಲ್ಟಿನಲ್ಲಿ ೦.೬೫ ವೋಲ್ಟು ಆದ ಕೂಡಲೆ ಅವನು ಗಂಟೆ ಬಾರಿಸಿಬಿಡುತ್ತಾನೆ. ಆರಂಭದಲ್ಲಿ ರೋಧಕದ ಮೂಲಕ ಹರಿಯುವದು ೯೦ ಮೈಕ್ರೋಆಂಪಿಯರ್. ಅದರಿಂದ ೧೦೦೦ ಮೈಕ್ರೋಫ್ಯಾರಡಿನ ಧಾರಕದ ಮಟ್ಟವು ಸೆಕೆಂಡಿಗೆ ೦.೦೯ ವೋಲ್ಟಿನಂತೆ ಏರುವದು. ೦.೬೫ನ್ನು ೦.೦೯ರಿಂದ ಭಾಗಿಸಿರಿ: ಏಳು ಸೆಕೆಂಡಿಗೆ ತುಸು ಹೆಚ್ಚು. ದೀಪವು ಹೇಳಿದ್ದೇ ನಿಜ, ತಪ್ಪಿದ್ದು ನಾನು. ಕಪ್ಪು ಹಲಗೆಯ ಮೇಲಿನ ೧೦೦ನ್ನು ಹುಡುಗಿಯರ ಎದುರಿನಲ್ಲೇ ಒರಸಿದೆನು.

ಮೂವತ್ತು ಸೆಕೆಂಡಿಗೆ ಏರಿಸಿದ್ದು

ಹಾಗಾದರೆ ರೋಧಕವನ್ನು ಹತ್ತು ಲಕ್ಷ ಓಮಿಗೆ ಏರಿಸಿದರೆ ಹೆಚ್ಚು ಕಾಲ ಸಿಕ್ಕುವದಿಲ್ಲವೋ ಎಂದು ಒಬ್ಬಳು ಕೇಳಿದಳು. ಎರಡು ಕಾರಣಗಳಿಂದ ಅದು ಒಳ್ಳೆಯದಲ್ಲ. ಒಂದನೆಯದಾಗಿ, ಈ ಬಗೆಯ ದೊಡ್ಡ ಧಾರಕಗಳು ಬಿರುಕುಳ್ಳ ಮಡಕೆಯಂತೆ ಸ್ವಲ್ಪ ಸ್ವಲ್ಪವಾಗಿ ಸೋರುವವು. ಬರುವ ಪ್ರವಾಹವೇ ೯ ಮೈಕ್ರೋಆಂಪಿಯರ್ ಆದರೆ ಸೋರಿಕೆಯು ಅದರಲ್ಲಿ ದೊಡ್ಡ ಪಾಲನ್ನು ತಿಂದುಬಿಡಬಹುದು. ಎರಡನೆಯದಾಗಿ, ಬೇಸಿಗೆ ಸಿಕ್ಕುವ ಪ್ರವಾಹವು ಅಷ್ಟು ಕಡಿಮೆಯಾದರೆ ದೀಪವು ಮಂಕಾಗಿಯೇ ಉಳಿಯುವದು.

ಕಾವಲುಗಾರನ ಮಟ್ಟವನ್ನೇ ಮೇಲಕ್ಕೆ ಏರಿಸುವದು ಉತ್ತಮವಾದ ಉಪಾಯ. ಸಂಗಮಕ್ಕೂ ಬೇಸಿಗೂ ನಡುವೆ ಎರಡನೆಯ ಕೆಂಪು ಎಲ್‌ಇಡಿಯನ್ನು, ಉದ್ದ ಕಾಲು ಸಂಗಮದ ಕಡೆಗೆ ಇರುವಂತೆ ಸೇರಿಸಿದೆವು. ಅದು ಬೆಳಕಿಗಾಗಿ ಅಲ್ಲ. ಎಲ್‌ಇಡಿಯು ಸುಮಾರು ೧.೬ ವೋಲ್ಟಿನ ತನಕ ತನ್ನ ಮೂಲಕ ಪ್ರವಾಹವನ್ನು ಬಿಡುವದಿಲ್ಲ. ಅದರ ಮೇಲೆ ಟ್ರಾನ್ಸಿಸ್ಟರಿನ ೦.೬ ಸೇರಿದರೆ ಸಂಗಮವು ೨.೨ ವೋಲ್ಟಿಗೆ ಏರಿದಾಗಲೇ ಗಂಟೆ. ಆ ಮಟ್ಟಕ್ಕೆ ಲೆಕ್ಕದಂತೆ ೨೮ ಸೆಕೆಂಡು ಬೇಕು. ಪ್ರಯೋಗದಲ್ಲಿ ಬಂದದ್ದೂ ಅದರ ಸಮೀಪವೇ. ಮೊದಲಿನ ವೇಗದಲ್ಲೇ ಏರಿದ್ದರೆ ೨೪ ಸೆಕೆಂಡಿಗೇ ಮುಟ್ಟಬೇಕಿತ್ತು. ಉಳಿದ ನಾಲ್ಕು ಸೆಕೆಂಡು ಕೊಡದ ಓಟವು ಮಂದವಾದದ್ದರ ಗುರುತು.

ಒಂದೇ ಅಂಗಡಿಯ ಎರಡು ಧಾರಕಗಳೂ ಒಂದೇ ಅಳತೆಯವು ಆಗಿರುವದಿಲ್ಲ. ಬರೆದ ಬೆಲೆಗಿಂತ ನೂರಕ್ಕೆ ೨೦ರಷ್ಟು ಹೆಚ್ಚು ಕಡಿಮೆ ಇರುವದು ಸಾಮಾನ್ಯ. ಆದಕಾರಣ ೧ ಲಕ್ಷ ಓಮಿನ ಸ್ಥಾನದಲ್ಲಿ ೬೮,೦೦೦ ಓಮಿನ ಒಂದು ರೋಧಕವನ್ನೂ, ಅದರ ಹಿಂದೆಯೇ ತಿರುಗಿಸಿ ಬದಲಾಯಿಸಬಹುದಾದ ೧ ಲಕ್ಷ ಓಮಿನ ಇನ್ನೊಂದನ್ನೂ ಇಟ್ಟು, ಗಡಿಯಾರವನ್ನು ನೋಡುತ್ತಾ ಸರಿಪಡಿಸಿ ೩೦ ಸೆಕೆಂಡಿಗೆ ತಂದೆವು.

ನ್ಯಾಯಕ್ಕೆ ಬೇಕಾದ ಎಚ್ಚರಿಕೆಗಳು

ಯಂತ್ರವು ಯಾರ ಮುಖವನ್ನೂ ನೋಡುವದಿಲ್ಲವೆಂಬದು ನಿಜ. ಆದರೂ ಯಂತ್ರವನ್ನು ನಡಿಸುವ ಕೈಯು ಅಜಾಗರೂಕವಾದರೆ ಅದರಿಂದಲೂ ಅನ್ಯಾಯವಾಗುವದೆಂದು ನಾವು ಕಲಿತೆವು.

ಮೊದಲನೆಯ ಎಚ್ಚರಿಕೆ ಗುಂಡಿಯ ವಿಷಯ. ೧೦೦ ಓಮಿನ ಮೂಲಕ ಧಾರಕವು ಬರಿದಾಗುವದಕ್ಕೂ ಕಾಲ ಬೇಕು. ಸೆಕೆಂಡಿನ ಹತ್ತನೆಯ ಒಂದು ಪಾಲು ಮಾತ್ರ ಒತ್ತಿ ಬಿಟ್ಟರೆ ಧಾರಕದಲ್ಲಿ ನೂರಕ್ಕೆ ೩೭ರಷ್ಟು ಉಳಿದುಕೊಳ್ಳುವದು. ಮುಂದಿನವಳಿಗೆ ೨೮ ಸೆಕೆಂಡಿಗೆ ಬದಲಾಗಿ ಸುಮಾರು ೧೯ ಸೆಕೆಂಡೇ ಸಿಕ್ಕುವವು. ಒಂಬತ್ತು ಸೆಕೆಂಡು ಕಣ್ಣಿಗೆ ಕಾಣದೆ ಕಳವಾದಂತಾಯಿತು! ಗುಂಡಿಯನ್ನು ಪೂರಾ ಒಂದು ಸೆಕೆಂಡು ಒತ್ತಿ ಹಿಡಿದರೆ ಈ ದೋಷವು ಇಲ್ಲ. ಒಂದು, ಎರಡು ಎಂದು ಬಾಯಲ್ಲಿ ಹೇಳಿಕೊಂಡು ಬಿಡಬೇಕೆಂದು ನಿಯಮ ಮಾಡಿದೆವು.

ಎರಡನೆಯದು ಬ್ಯಾಟರಿಯ ವಿಷಯ. ಬ್ಯಾಟರಿಯು ಬಳಸುತ್ತಾ ಬಳಸುತ್ತಾ ೭.೫ ವೋಲ್ಟಿಗೆ ಇಳಿದರೆ ಧಾರಕವು ತುಂಬುವ ವೇಗವು ಕುಗ್ಗುವದು, ಕಾವಲುಗಾರನ ೨.೨ ವೋಲ್ಟು ಮಾತ್ರ ಹಾಗೆಯೇ ಇರುವದು. ಆಗ ೨೮ ಸೆಕೆಂಡಿನ ಕಾಲವು ೩೫ ಸೆಕೆಂಡಿನಷ್ಟಾಗುವದು. ಸ್ಪರ್ಧೆಯ ದಿವಸ ಹೊಸ ಬ್ಯಾಟರಿಯನ್ನೇ ಹಾಕತಕ್ಕದ್ದು.

ಮೂರನೆಯದು, ಈ ದೀಪವು ಥಟ್ಟನೆ ಹತ್ತುವದಿಲ್ಲ. ಮೊದಲು ಮಿಣುಕಿ, ಕೆಲವು ಸೆಕೆಂಡುಗಳಲ್ಲಿ ಪೂರ್ಣವಾಗಿ ಬೆಳಗುವದು. ಮಿಣುಕಿದಾಗ ಹೊತ್ತು ಮುಗಿಯಿತೋ, ಬೆಳಗಿದಾಗಲೋ ಎಂಬದನ್ನು ಮುಂಚಿತವಾಗಿ ಗೊತ್ತುಮಾಡಿ ಎಲ್ಲರಿಗೂ ತಿಳಿಸಬೇಕು.

ಕೊನೆಯದಾಗಿ, ಇದನ್ನು ಬ್ಯಾಟರಿಯಿಂದಲೇ ನಡಿಸಬೇಕು. ಮನೆಯ ಗೋಡೆಯಲ್ಲಿರುವ ವಿದ್ಯುತ್ತಿಗೆ ಎಂದಿಗೂ ಸೇರಿಸಬಾರದು. ಅದು ಪ್ರಾಣಕ್ಕೇ ಅಪಾಯ.

ದೊಡ್ಡವರೂ ಇದೇ ದಾರಿಯಲ್ಲಿ

ಬ್ಯಾಟರಿ ಇಳಿದರೆ ಕಾಲವೂ ಬದಲಾಗುವ ಈ ತೊಡಕು ನಮ್ಮ ಹುಡುಗಿಯರಿಗೆ ಮಾತ್ರ ಬಂದದ್ದಲ್ಲ. ಹಾನ್ಸ್ ಕಾಮೆನ್‌ಜಿಂಡ್ ಎಂಬ ಸ್ವಿಸ್ ಮೂಲದ ಎಂಜಿನಿಯರರು ೧೯೭೧ರಲ್ಲಿ ರೂಪಿಸಿದ, ೧೯೭೨ರಲ್ಲಿ ಸಿಗ್ನೆಟಿಕ್ಸ್ ಸಂಸ್ಥೆಯು ಮಾರಾಟಕ್ಕೆ ತಂದ ೫೫೫ ಎಂಬ ಚಿಪ್ಪಿನಲ್ಲಿ ಇದಕ್ಕೆ ಅಂದವಾದ ಪರಿಹಾರವುಂಟು. ಅದರಲ್ಲಿ ಗಂಟೆಯ ಮಟ್ಟವು ಇಂತಿಷ್ಟೇ ವೋಲ್ಟು ಎಂದಲ್ಲ, ಬ್ಯಾಟರಿಯ ಮೂರರಲ್ಲಿ ಎರಡು ಪಾಲು ಎಂದು ಗೊತ್ತುಮಾಡಲ್ಪಟ್ಟಿದೆ. ಬ್ಯಾಟರಿ ಇಳಿದರೆ ಮಟ್ಟವೂ ಅದರ ಸಂಗಡ ಇಳಿಯುವದರಿಂದ ಕಾಲವು ಬದಲಾಗುವದಿಲ್ಲ. ಅದರ ಲೆಕ್ಕವೂ ಸುಲಭ: ಓಮನ್ನು ಫ್ಯಾರಡಿನಿಂದ ಗುಣಿಸಿ, ಬಂದದ್ದನ್ನು ೧.೧ರಿಂದ ಗುಣಿಸಿದರೆ ಆಯಿತು. ಅದೂ ಥಟ್ಟನೆ ಬದಲಾಗುವದು; ಮಿಣುಕುವ ಸಂದೇಹವಿಲ್ಲ. ಬರುವ ವರ್ಷ ನಮ್ಮ ಹುಡುಗಿಯರು ಅದನ್ನು ಕಟ್ಟುವರು. ಆದರೆ ಸಾಧಾರಣ ಟ್ರಾನ್ಸಿಸ್ಟರಿನಿಂದ ಮೊದಲು ಕಟ್ಟಿ ಅದರ ಕುಂದುಗಳನ್ನು ತಾವೇ ಕಂಡವರಿಗೆ ಮಾತ್ರವೇ ಆ ಚಿಪ್ಪಿನ ಬುದ್ಧಿವಂತಿಕೆಯು ಅರ್ಥವಾಗುವದೆಂದು ನನ್ನ ನಂಬಿಕೆ.

ಈ ವರ್ಷದ ಸ್ಪರ್ಧೆಯಲ್ಲಿ ಮೇಜಿನ ಮೇಲೆ ಆ ಪುಟ್ಟ ಹಲಗೆಯು ಎಲ್ಲರಿಗೂ ಕಾಣುವಂತೆ ಇಡಲ್ಪಟ್ಟಿತು. ಗುಂಡಿಯನ್ನು ಒತ್ತಿದವಳು, ಕಳೆದ ವರ್ಷ ನನ್ನನ್ನು ಪ್ರಶ್ನಿಸಿದ ಹುಡುಗಿಯೇ. ಸ್ಪರ್ಧೆಗೆ ಮುಂಚೆ ನಾನು ಸಭೆಯ ಎದುರಿನಲ್ಲಿ, ಕಳೆದ ಸಾರಿ ನನ್ನ ಗಂಟೆಯು ಎಲ್ಲರಿಗೂ ಸಮವಾಗಿರಲಿಲ್ಲವೆಂದು ಒಪ್ಪಿಕೊಂಡೆನು. ಅವಳ ಸೋಲನ್ನು ಅದರಿಂದ ಅಳಿಸಲಾಗಲಿಲ್ಲ. ಆದರೆ ಆ ಸಂಜೆ ಯಾವ ಹುಡುಗಿಯೂ ಹೊತ್ತಿನ ವಿಷಯದಲ್ಲಿ ನನ್ನ ಕೋಣೆಗೆ ಬರಲಿಲ್ಲ.

ವಿದ್ಯಾರ್ಥಿನಿಯರೇ, ಈ ಸಾಮಾನುಗಳಿಗೆ ತಗಲುವ ಹಣವು ಅಲ್ಪ. ಒಂದು ಮಧ್ಯಾಹ್ನದ ಬಿಡುವು ಸಾಕು. ನಿಮ್ಮ ಲೆಕ್ಕವನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಗುಂಡಿಯನ್ನು ಬಿಡಿರಿ. ದೀಪವು ನಿಮ್ಮ ಲೆಕ್ಕವನ್ನು ಒಪ್ಪದೆ ಹೋದರೆ ಬೇಸರಪಡದೆ, ಯಾಕೆ ಒಪ್ಪಲಿಲ್ಲವೆಂದು ಅದನ್ನೇ ಕೇಳಿರಿ. ನಿಮ್ಮ ಟೀಚರನ್ನೂ ಕೇಳಿರಿ.